ಹಾಸ್ಯದವನಿಗೆ ಮಾತು ಕಲಿಸದ ಮಾಸ್ತರ

ತಳಕಲ್ಲಿನ ಅಂದಪ್ಪನವರನ್ನು ಸುತ್ತಲಿನ ಊರುಗಳಲ್ಲಿ ಎಲ್ಲರೂ ಮಾಸ್ತರ ಎಂದೇ ಕರೆಯುತ್ತಿದ್ದರು. ಸಾಲೆಯ ಮಾಸ್ತರ ಅಲ್ಲ. ನಿಜಾಮರ ಕಾಲ ಅದು. ಉರ್ದು ಬರದವನಿಗೆ ಸಾಲೆಯ ಚಾಪೆಯ ಮೇಲೇ ಜಾಗ ಸಿಗುವುದು ಕಷ್ಟವಿತ್ತು, ಇನ್ನು ಕುರ್ಚಿಯ ಮಾತೆಲ್ಲಿ! ಅಂದಪ್ಪನವರು ಬಯಲಾಟದ ಮಾಸ್ತರ. ಸುಗ್ಗಿ ಮುಗಿದು ಜೋಳದ ಕಣ ಖಾಲಿಯಾಯಿತೆಂದರೆ ಯಲಬುರ್ಗಿ, ಕುಷ್ಟಗಿ ಕಡೆಯ ಹಳ್ಳಿಗಳಿಂದ ಅವರಿಗೆ ಬಂಡಿ ಬರುತ್ತಿತ್ತು. ಹೋದ ಊರಿನ ಗುಡಿಯಲ್ಲಿ ಇಳಿದುಕೊಂಡು, ನೇಗಿಲು ಹಿಡಿದ ಕೈಗಳಿಗೆ ಕಟ್ಟಿಗೆಯ ಕತ್ತಿ ಕೊಟ್ಟು, ಮುಂಗಾರಿಗೆ ಮುಂಚೆ ಒಂದು ಆಟ ಆಡಿಸಿ ತಮ್ಮ ಹೊಲಕ್ಕೆ ಮರಳುತ್ತಿದ್ದರು. ಹಾಡು, ಮಾತು, ಕುಣಿತ ಎಲ್ಲವೂ ಅವರ ತಲೆಯಲ್ಲೇ ಇದ್ದವು.

ಅವರಷ್ಟು ಹಾಡು ಬಲ್ಲವರು ಬೇರೆಯವರೂ ಇದ್ದರು. ಸಂಕೋಚ ಬಿಡಿಸುವುದರಲ್ಲಿ ಮಾತ್ರ ಅವರಿಗೆ ಸಮನಾದವರು ಇರಲಿಲ್ಲ. ಹೊಲದಲ್ಲಿ ಊರಿಗೆಲ್ಲ ಕೇಳುವಂತೆ ಹಾಡುವವನು ಆಟದ ಅಟ್ಟ ಹತ್ತಿದ ಕೂಡಲೇ ಧೋತರದ ಚುಂಗು ಹುಡುಕುತ್ತಾನಲ್ಲ, ಅದನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. "ನೀ ಮಂದಿ ಕಣ್ಣಿಗೆ ಅಂಜವಲ್ಲಿ. ನಿನ್ನ ಮೈಮ್ಯಾಲ ನೀನ ಕಣ್ಣ ಇಟ್ಟಿ. ಆ ಕಣ್ಣ ತಗಿ ಮೊದಲ," ಎಂದು ಬೈಯುತ್ತಿದ್ದರು. ತೆಗೆಯುವ ದಾರಿಯನ್ನೂ ಅವರೇ ಹುಡುಕಿಕೊಂಡಿದ್ದರು. ಪಾತ್ರದ ಮಾತನ್ನು ನಿಂತು ಹೇಳುವ ಹಾಗಿಲ್ಲ, ಕೆಲಸ ಮಾಡುತ್ತಲೇ ಹೇಳಬೇಕು. ರಾಜನಾದವನು ಬಾವಿಯಿಂದ ನೀರು ಸೇದುತ್ತ ಗರ್ಜಿಸಬೇಕು, ಮಂತ್ರಿ ಮೇವು ಕತ್ತರಿಸುತ್ತ ಒಳಸಂಚು ನಡೆಸಬೇಕು. ಮೊದಲ ವಾರ ಕೆರೆಯ ದಂಡೆಯಲ್ಲಿ ಮಲಗಿದ ಎಮ್ಮೆಗಳೇ ಪ್ರೇಕ್ಷಕರು. ಎಮ್ಮೆ ಎದ್ದು ಹೋಗದಿದ್ದರೆ ಬೀಸುವ ಹೆಂಗಸರ ಮುಂದೆ. ಅವರು ನಕ್ಕು ಸಾಕಾದ ಮೇಲೆ ಊರಿನ ಹಿರಿಯರ ಮುಂದೆ. ಅಷ್ಟು ಹೊತ್ತಿಗೆ ಮನುಷ್ಯನಿಗೆ ತಾನು ಯಾರೆಂಬುದೇ ಮರೆತಿರುತ್ತಿತ್ತು.

ಆದರೆ ಅವರ ಹೆಸರು ನಿಂತದ್ದು ಹಾಸ್ಯದವನ ಮೇಲೆ. ನಮ್ಮ ಬಯಲಾಟದಲ್ಲಿ ರಾಜ ರಾಣಿಯರು ಗ್ರಂಥದ ಮಾತು ಆಡಿದರೆ ಹಾಸ್ಯದವನೊಬ್ಬನೇ ಮನೆಯ ಮಾತು ಆಡುವವನು. ಮದ್ದಳೆಯ ಪಕ್ಕ ನಿಂತ ಮಾಸ್ತರ ಪ್ರಶ್ನೆ ಕೇಳುತ್ತಾನೆ, ಇವನು ಬಾಯಿಗೆ ಬಂದದ್ದು ಹೇಳುತ್ತಾನೆ. ಗೌಡನನ್ನೂ ಬಿಡುವುದಿಲ್ಲ, ಪೂಜಾರಿಯನ್ನೂ ಬಿಡುವುದಿಲ್ಲ. ಮಂಗಳಾರತಿ ಆಗುವವರೆಗೆ ಅವನ ಮಾತಿಗೆ ಯಾರೂ ಸಿಟ್ಟಾಗಬಾರದು ಎಂಬುದು ಪದ್ಧತಿ. ಬೇರೆ ಮಾಸ್ತರರು ಅವನಿಗೂ ನಾಲ್ಕು ಚಟಾಕಿ ಬಾಯಿಪಾಠ ಮಾಡಿಸುತ್ತಿದ್ದರು. ಅಂದಪ್ಪನವರು ಒಂದು ಅಕ್ಷರವನ್ನೂ ಹೇಳಿಕೊಡುತ್ತಿರಲಿಲ್ಲ. "ನಾ ಹಾಸ್ಯದವಗ ಮಾತ ಕಲಸೂದಿಲ್ಲ," ಎಂದು ಹೋದ ಊರಲ್ಲೆಲ್ಲ ಹೇಳಿಕೊಳ್ಳುತ್ತಿದ್ದರು. ಕೇಳಿ ಕೇಳಿ ನಮಗೆ ಕಿವಿ ತೂತು ಬಿದ್ದಿದ್ದವು.

ಸಾವಿರದ ಒಂಬೈನೂರ ಮೂವತ್ತಾರರ ಬೇಸಿಗೆಯಲ್ಲಿ ಕುಷ್ಟಗಿ ಕಡೆಯ ಒಂದು ಹಳ್ಳಿಯವರು ಅವರನ್ನು ಕರೆದೊಯ್ದರು. ಊರಿನ ಹೆಸರು ಹೇಳುವುದಿಲ್ಲ. ಆ ಮನೆಗಳವರು ಇನ್ನೂ ಅಲ್ಲೇ ಇದ್ದಾರೆ. ಆಟದ ಖರ್ಚು ಹೊತ್ತವನು ಕುಬೇರಪ್ಪ ಎಂಬ ಸಾವಕಾರ, ಸೇಂಗಾ ಮತ್ತು ಹತ್ತಿಯ ವ್ಯಾಪಾರಿ. ಪಾತ್ರಗಳೆಲ್ಲ ಹಂಚಿಹೋದವು, ಹಾಸ್ಯಕ್ಕೆ ಮಾತ್ರ ಯಾರೂ ಸಿಗಲಿಲ್ಲ. ಆಗ ಅಂದಪ್ಪನವರ ಕಣ್ಣಿಗೆ ಬಿದ್ದವನು ಗ್ಯಾನಪ್ಪ.

ಗ್ಯಾನಪ್ಪ ಕುಬೇರಪ್ಪನ ಮನೆಯಲ್ಲಿ ಎತ್ತು ಕಾಯುವ ಆಳು. ಊರವರ ಲೆಕ್ಕದಲ್ಲಿ ಅರೆಮೂಕ. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ಆದರೆ ಒಂದು ಮಧ್ಯಾಹ್ನ ಕೊಟ್ಟಿಗೆಯ ಹಿಂದಿನಿಂದ ಹಾದುಹೋಗುವಾಗ ಅಂದಪ್ಪನವರಿಗೆ ಒಳಗೆ ಯಾರೋ ಭರ್ಜರಿಯಾಗಿ ಮಾತಾಡುವುದು ಕೇಳಿಸಿತು. ಇಣುಕಿದರೆ ಗ್ಯಾನಪ್ಪ ಎತ್ತಿನ ಮೈ ತಿಕ್ಕುತ್ತ ಅದಕ್ಕೆ ಉಪದೇಶ ಮಾಡುತ್ತಿದ್ದಾನೆ: "ಸಾವಕಾರ್ರ ಹಂಗ ಉಬ್ಬಿಸಬ್ಯಾಡ ಹೊಟ್ಟಿ. ಅವರದ ತಿಂದ ಉಬ್ಬೈತಿ, ನಿಂದ ಬರೇ ಗಾಳಿ." ಮಾಸ್ತರರಿಗೆ ಅಲ್ಲೇ ನಿಧಿ ಸಿಕ್ಕಂತಾಯಿತು.

ಮನುಷ್ಯರನ್ನು ಕಂಡ ಕೂಡಲೇ ಗ್ಯಾನಪ್ಪನ ಬಾಯಿ ಮುಚ್ಚುತ್ತಿತ್ತು. ಹಾಗಾಗಿ ಅಂದಪ್ಪನವರು ಎತ್ತಿನ ಹಿಂದೆ ಕೂತರು. ಗ್ಯಾನಪ್ಪನ ಕೈಗೆ ಪುಂಡಿ ನಾರು ಕೊಟ್ಟು ಹಗ್ಗ ಹೊಸೆಯಲು ಹೇಳಿ, ತಾವು ಎತ್ತಿನ ಪರವಾಗಿ ಪ್ರಶ್ನೆ ಕೇಳತೊಡಗಿದರು. "ಏ ಗ್ಯಾನ್ಯಾ, ನನಗ್ಯಾಕ ಇವತ್ತ ಹಿಂಡಿ ಇಲ್ಲ?" ಎತ್ತಿಗೆ ಉತ್ತರ ಕೊಡಲು ಗ್ಯಾನಪ್ಪನಿಗೆ ಯಾವ ನಾಚಿಕೆಯೂ ಇರಲಿಲ್ಲ. ಕೈ ಹೊಸೆಯುತ್ತಿತ್ತು, ಬಾಯಿ ಹೇಳುತ್ತಿತ್ತು. ದಿನಾ ಸ್ವಲ್ಪ ಸ್ವಲ್ಪವೇ ಮಾಸ್ತರರು ಎತ್ತಿನ ಹಿಂದಿನಿಂದ ಪಕ್ಕಕ್ಕೆ ಬಂದರು, ಪಕ್ಕದಿಂದ ಮುಂದಕ್ಕೆ ಬಂದರು. ಕಡೆಗೆ ಎತ್ತು ಮೇಯಲು ಹೋದರೂ ಗ್ಯಾನಪ್ಪನ ಮಾತು ನಿಲ್ಲಲಿಲ್ಲ. ಪ್ರಶ್ನೆ ಮುಗಿಯುವುದರೊಳಗೆ ಉತ್ತರ. ಊರ ಮಂದಿ ತಾಲೀಮು ನೋಡಲು ಕೊಟ್ಟಿಗೆಗೇ ಬರತೊಡಗಿದರು. ಅವನ ತಾಯಿ ಫಕೀರಮ್ಮ ಬಾಗಿಲಲ್ಲಿ ನಿಂತು, ಸೆರಗು ಬಾಯಿಗೆ ಹಚ್ಚಿ, "ಇದು ನನ್ನ ಮಗಾನ ಹೌದೇನ?" ಎಂದು ಪಕ್ಕದವಳನ್ನು ಕೇಳುತ್ತಿದ್ದಳು.

ಒಂದೇ ಒಂದು ಪ್ರಶ್ನೆಗೆ ಅವನ ಕೈ ನಿಂತಿತು. "ಎತ್ತ ಬಿಟ್ರ ನೀ ಯಾರ ಕೂಡ ಮಾತಾಡ್ತಿ?" ಎಂದು ಅಂದಪ್ಪನವರು ಕೇಳಿದ್ದರು. ನಾರು ಬಿಚ್ಚಿಕೊಂಡಿತು. ಗ್ಯಾನಪ್ಪ ನೆಲ ನೋಡಿದ. ಬೇರೆ ಯಾರಾದರೂ ಆಗಿದ್ದರೆ, ಇವನಿಗೆ ಅಲ್ಲೇನೋ ನೋವಿದೆ, ಮುಟ್ಟಬಾರದು ಎಂದು ಬಿಡುತ್ತಿದ್ದರು. ಅಂದಪ್ಪನವರಿಗೆ ಕಂಡದ್ದು ಹಗ್ಗದಲ್ಲಿನ ಗಂಟು ಮಾತ್ರ. "ಅಲ್ಲೇ ನಿಂತಿ ನೋಡು. ಮತ್ತ ಹೊಸಿ," ಎಂದು ದಿನಾ ಅದೇ ಪ್ರಶ್ನೆಗೆ ಬಂದರು. "ನಮ್ಮವ್ವನ ಕೂಡ್ರಿ," ಎಂದ ಒಂದು ದಿನ. "ವಿಚಾರ ಮಾಡಿ ಹೇಳಿದಿ. ಬ್ಯಾಡ." "ದೇವರ ಕೂಡ್ರಿ," ಎಂದ ಮತ್ತೊಂದು ದಿನ. "ಇದೂ ವಿಚಾರ ಮಾಡಿದ್ದ." ಕಡೆಗೊಂದು ದಿನ ಕೈ ನಿಲ್ಲದೆಯೇ ಉತ್ತರ ಬಂತು: "ಹಿತ್ತಲ ಗ್ವಾಡಿ ಕೂಡ್ರಿ!" ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು. ಮಾಸ್ತರರು ಅವನ ಬೆನ್ನು ಚಪ್ಪರಿಸಿದರು. ಗೋಡೆಯ ಆ ಕಡೆ ಏನಿದೆ ಎಂದು ಅವರು ಕೇಳಲೂ ಇಲ್ಲ, ಯೋಚಿಸಲೂ ಇಲ್ಲ.

ಆ ಕಡೆ ಇದ್ದವಳು ಕಳಕಮ್ಮ, ಕುಬೇರಪ್ಪನ ಸತ್ತ ತಮ್ಮನ ಹೆಂಡತಿ. ಸಣ್ಣ ವಯಸ್ಸು. ಅಮರವ್ವ ಎಂಬ ಮೂರು ವರ್ಷದ ಮಗಳು. ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ಆಕೆ ಈ ಕಡೆ ಎತ್ತಿನೊಂದಿಗೆ ಮಾತಾಡುವವನ ಮಾತು ಕೇಳಿ ಒಮ್ಮೆ ನಕ್ಕಿದ್ದಳಂತೆ. ಆಮೇಲೆ ಅವಳು ಒಂದು ಕೇಳುವುದು, ಇವನು ಒಂದು ಹೇಳುವುದು ಶುರುವಾಯಿತು. ನಡುವೆ ಆಳೆತ್ತರದ ಮಣ್ಣಿನ ಗೋಡೆ. ಇಬ್ಬರೂ ಮುಖ ನೋಡಿ ಒಂದು ಮಾತೂ ಆಡಿರಲಿಲ್ಲ. ಇಷ್ಟೇ ಅವರ ಗುಟ್ಟು, ಆದರೆ ಇಷ್ಟೇ ಎಂದು ನಂಬುವವರು ಆ ಊರಲ್ಲಿ ಎಷ್ಟು ಜನ?

ಆಟದ ದಿನ ದೀಪ ಹಚ್ಚಿ, ದೇವರ ಸ್ತುತಿ ಮುಗಿದು, ಹಾಸ್ಯದವನ ಪ್ರವೇಶವಾಯಿತು. ನಾಲ್ಕೂರಿನ ಮಂದಿ ಕೂತಿದ್ದರು. ಗ್ಯಾನಪ್ಪ ಒಂದಿಷ್ಟೂ ಅಳುಕಲಿಲ್ಲ. ಮಾಸ್ತರರು ಕೇಳುವುದೇ ತಡ, ಅವನು ಹೇಳಿಬಿಡುತ್ತಿದ್ದ. ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮುಂದಿನ ಸಾಲಿನಲ್ಲಿ ಕುಷ್ಟಗಿಯಿಂದ ಬಂದ ಇನ್ನೊಬ್ಬ ಆಟದ ಮಾಸ್ತರ ಕೂತಿದ್ದ. ತಮ್ಮ ಶಿಷ್ಯನನ್ನು ತಡೆದು ನಿಲ್ಲಿಸುವ ಪ್ರಶ್ನೆಯೇ ಇಲ್ಲ ಎಂದು ಅವನಿಗೆ ತೋರಿಸುವ ಹುಕಿ ಅಂದಪ್ಪನವರಿಗೆ ಬಂತು. ಅದೊಂದು ಪ್ರಶ್ನೆಯನ್ನು ಎಸೆದರು.

"ಎತ್ತ ಬಿಟ್ರ ನೀ ಯಾರ ಕೂಡ ಮಾತಾಡ್ತಿ?"

"ಹಿತ್ತಲ ಗ್ವಾಡಿ ಕೂಡ್ರಿ!"

"ಗ್ವಾಡಿ ತಿರುಗಿ ಮಾತಾಡತೈತೇನಲೇ?"

"ಗ್ವಾಡ್ಯಾಕ ಮಾತಾಡತೈತಿರಿ, ಆ ಕಡಿ ಕಳಕವ್ವಾರ ಅದಾರಲ್ರಿ!"

ಮೊದಲು ನಗೆ ಎದ್ದಿತು. ಅಭ್ಯಾಸಬಲ. ಆಮೇಲೆ ಹಿಂದಿನ ಸಾಲಿನಿಂದ ಒಂದೊಂದಾಗಿ ನಗೆ ಅಡಗುತ್ತ ಬಂತು. ಹೆಂಗಸರ ಸಾಲಿನಲ್ಲಿ ಕಳಕಮ್ಮ ಮಲಗಿದ ಮಗಳನ್ನು ಎದೆಗವಚಿಕೊಂಡು ತಲೆ ತಗ್ಗಿಸಿದಳು. ಗ್ಯಾನಪ್ಪ ಇನ್ನೂ ನಗುತ್ತಲೇ ಇದ್ದ. ತಾನು ಏನು ಹೇಳಿದೆ ಎಂಬುದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಕುಬೇರಪ್ಪ ಪದ್ಧತಿ ಮೀರಲಿಲ್ಲ. ಮುಖ ಕೆಡಿಸಿಕೊಳ್ಳಲಿಲ್ಲ, ಎದ್ದೂ ಹೋಗಲಿಲ್ಲ. ಹೊಸ ರುಮಾಲು ತರಿಸಿ ಎಲ್ಲರ ಎದುರು ಗ್ಯಾನಪ್ಪನಿಗೆ ಆಯೇರಿ ಮಾಡಿದ. ಬೆಳತನಕ ಕೂತು ಆಟ ನೋಡಿದ. ಮಂಗಳಾರತಿ ಮುಗಿದು ಮಂದಿ ಚದುರಿದ ಮೇಲೆ ಅಟ್ಟದ ಹಿಂದಕ್ಕೆ ಬಂದ. ಅಂದಪ್ಪನವರು ಮದ್ದಳೆಗೆ ಬಟ್ಟೆ ಸುತ್ತಿ ಹಗ್ಗ ಬಿಗಿಯುತ್ತಿದ್ದರು.

"ಮಾಸ್ತರ, ಆ ಗ್ವಾಡಿ ಮಾತು ನೀವು ಕಲಿಸಿದ್ದೇನ್ರಿ?"

ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ ಎಂದು ಅಂದಪ್ಪನವರು ಆಮೇಲೆ ಎಷ್ಟೋ ಸಲ ಹೇಳಿದ್ದಾರೆ. ಹೌದು ಎನ್ನಿಸಿಕೊಳ್ಳಲಿಕ್ಕೇ ಆ ಮನುಷ್ಯ ಬಂದಿದ್ದ ಎಂದು ನನಗೂ ಅನ್ನಿಸುತ್ತದೆ. ಮಾಸ್ತರ ಕಲಿಸಿದ ಕೆಟ್ಟ ಚೇಷ್ಟೆ ಎಂದಾಗಿದ್ದರೆ ಊರ ಬಾಯಿ ಮುಚ್ಚುತ್ತಿತ್ತು, ಮನೆಯ ಮಾನ ಮನೆಯಲ್ಲೇ ಉಳಿಯುತ್ತಿತ್ತು. ಒಂದು ಹೌದು ಸಾಕಾಗಿತ್ತು. ಅಂದಪ್ಪನವರ ಕೈ ಹಗ್ಗ ಬಿಗಿಯುತ್ತಲೇ ಇತ್ತು. ಪ್ರಶ್ನೆ ಮುಗಿಯುವುದರೊಳಗೆ ಅವರ ಬಾಯಿಂದ ಉತ್ತರ ಬಂದಾಗಿತ್ತು.

"ನಾ ಹಾಸ್ಯದವಗ ಮಾತ ಕಲಸೂದಿಲ್ರಿ ಸಾವಕಾರ್ರ. ಅದು ಅವಂದ."

"ಹಂಗೇನ್ರಿ," ಎಂದು ಕುಬೇರಪ್ಪ ಹೊರಟುಹೋದ.

ಹೊತ್ತೇರಿದಾಗ ಸಾವಕಾರನ ಮನೆಯ ಮುಂದೆ ಎರಡು ಬಂಡಿ ಹೂಡಿದ್ದವು. ಒಂದು ಮಾಸ್ತರರನ್ನು ಮರ್ಯಾದೆಯಿಂದ ತಳಕಲ್ಲಿಗೆ ಬಿಡುವುದಕ್ಕೆ. ಇನ್ನೊಂದರಲ್ಲಿ ಕಳಕಮ್ಮ ಕೂತಿದ್ದಳು, ತವರೂರಾದ ಆನೆಗೊಂದಿಗೆ ಹೊರಟು. ಪಕ್ಕದಲ್ಲಿ ಒಂದು ಬಟ್ಟೆಯ ಗಂಟು, ಅಷ್ಟೇ. ಅಮರವ್ವನನ್ನು ಒಳಗೆ ಇಬ್ಬರು ಹೆಂಗಸರು ಹಿಡಿದುಕೊಂಡಿದ್ದರು. ಆ ಕೂಸು ಒದರುತ್ತಿದ್ದ ಧ್ವನಿ ಬೀದಿಗೆಲ್ಲ ಕೇಳುತ್ತಿತ್ತು. ಮನೆತನದ ಕೂಸು ಮನೆಯಲ್ಲೇ ಇರಬೇಕು ಎಂಬುದು ಕುಬೇರಪ್ಪನ ತೀರ್ಮಾನ.

ಅಂದಪ್ಪನವರಿಗೆ ಆಗ ಅರ್ಥವಾಯಿತು. ಓಡಿಹೋಗಿ ಕುಬೇರಪ್ಪನ ಎರಡೂ ಕೈ ಹಿಡಿದರು. "ಸಾವಕಾರ್ರ, ನಾನ ಕಲಿಸಿದ್ದೆರಿ! ಆ ಮಾತು ನಂದರಿ. ಆಕಿದೇನೂ ತಪ್ಪಿಲ್ರಿ!"

ಕುಬೇರಪ್ಪ ನಿಧಾನವಾಗಿ ಕೈ ಬಿಡಿಸಿಕೊಂಡ. "ಮಾಸ್ತರ, ಮುಂಜಾನಿ ವಿಚಾರ ಮಾಡದ ಹೇಳಿದ್ರಿ. ಈಗ ವಿಚಾರ ಮಾಡಿ ಹೇಳಾಕತ್ತೀರಿ. ಯಾವುದು ಖರೆ ಅನ್ನೂದು ನಿಮಗಿಂತ ಯಾರಿಗೆ ಛಲೋ ಗೊತ್ತೈತಿ?"

ಬಂಡಿ ಹೋಯಿತು. ಗ್ಯಾನಪ್ಪನನ್ನು ಯಾರೂ ಬೈಯಲಿಲ್ಲ, ಹೊಡೆಯಲೂ ಇಲ್ಲ. ಕೊಟ್ಟಿಗೆಗೆ ಬರಬೇಡ ಎಂದರು, ಅಷ್ಟೇ. ಅವನು ಕೆಲ ದಿನ ಮನೆಯ ಮೂಲೆಯಲ್ಲಿ ಕೂತಿದ್ದು ಒಂದು ಮುಂಜಾನೆ ಹೇಳದೆ ಕೇಳದೆ ಊರು ಬಿಟ್ಟ. ಎಲ್ಲಿಗೆ ಹೋದ ಎಂದು ಇಂದಿಗೂ ಗೊತ್ತಿಲ್ಲ. ಫಕೀರಮ್ಮ ತಳಕಲ್ಲಿಗೆ ನಡೆದು ಬಂದು ಅಂದಪ್ಪನವರ ಬಾಗಿಲಲ್ಲಿ ಕೂತಳು. "ಮಾತಾಡದ ಮಗ ಇದ್ದ, ಇದ್ದನಲ್ರಿ. ಕರದ್ರ ಉಣ್ಣಾಕ ಬರತಿದ್ದ. ನಿಮ್ಮನ್ನ ನಾ ಬಾಯಿ ಬಿಡಸ್ರಿ ಅಂದಿದ್ನೇನು?" ಎಂದು ಕೇಳಿದಳು. ಅಂದಪ್ಪನವರ ಹೆಂಡತಿ ನೀರು ಕೊಟ್ಟರೆ ಆಕೆ ಮುಟ್ಟದೆ ಎದ್ದು ಹೋದಳು.

ಆ ಮೇಲೆ ಅಂದಪ್ಪನವರು ಆಟ ಕಲಿಸುವುದನ್ನು ಬಿಡಲಿಲ್ಲ, ಆದರೆ ಹಾಸ್ಯದವನಿಗೆ ಪ್ರತಿಯೊಂದು ಮಾತನ್ನೂ ಬಾಯಿಪಾಠ ಮಾಡಿಸತೊಡಗಿದರು. ಹಾಸ್ಯ ಸಪ್ಪಗಾಯಿತು. "ಮಾಸ್ತರಗ ವಯಸ್ಸಾತು" ಎಂದು ಮಂದಿ ಆಡಿಕೊಂಡರು. ನಿಜವಾಗಿ ಅವರು ಅಂಜುತ್ತಿದ್ದರು. ಯಾರಾದರೂ ತಡವರಿಸಿ ನಿಂತರೆ, ಮೊದಲಿನ ಹಾಗೆ ಬೈಯದೆ, "ನಿಲ್ಲು, ನಿಲ್ಲು, ಅವಸರ ಇಲ್ಲ" ಎನ್ನುತ್ತಿದ್ದರು. ಊಟದ ನಡುವೆ ಒಮ್ಮೊಮ್ಮೆ ರೊಟ್ಟಿ ಮುರಿದ ಕೈ ಹಾಗೇ ತಾಟಿನ ಮೇಲೆ ಉಳಿಯುತ್ತಿತ್ತು. "ಹೌದ್ರಿ ಅಂದಿದ್ರ ಮುಗೀತಿತ್ತು," ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. 

ಮರುವರ್ಷ ಅವರು ಆನೆಗೊಂದಿಗೆ ಹೋದರು. ಕಳಕಮ್ಮ ಅಣ್ಣನ ಬಾಳೆ ತೋಟದಲ್ಲಿ ಎಲೆ ಕೊಯ್ಯುತ್ತಿದ್ದಳು. ಕಾಲಿಗೆ ಬೀಳಲು ಹೋದವರನ್ನು ಆಕೆ ಹಿಂದೆ ಸರಿದು ತಡೆದಳು. "ಅದೆಲ್ಲ ಬ್ಯಾಡ್ರಿ. ಬರೂ ದಾರ್ಯಾಗ ನನ್ನ ಮಗಳನ್ನ ನೋಡಿದ್ರೇನು?"

ನೋಡಿದ್ದರು. ಸಾವಕಾರನ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತು, ಓಡಾಡುವ ಕೂಸನ್ನು ನೋಡಿಯೇ ಬಂದಿದ್ದರು.

"ಹೆಂಗದಾಳ್ರಿ?"

ಛಲೋ ಅದಾಳ ಎಂದರೆ ತಾಯಿಗೆ ಅದು ಯಾವ ಉತ್ತರ? ಅಂದಪ್ಪನವರು ರುಮಾಲು ತೆಗೆದಿಟ್ಟರು, ಮೊಣಕಾಲು ತುಸು ಬಗ್ಗಿಸಿದರು, ಆ ಬಾಳೆಗಿಡಗಳ ನಡುವೆ ಅಮರವ್ವನ ಹಾಗೆ ಓಡಿದರು. ಲಂಗ ಎತ್ತಿ ಹಿಡಿದದ್ದು, ಎಡವಿ ಬಿದ್ದು ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಎದ್ದದ್ದು, ಕೋಳಿಯನ್ನು ಬೆನ್ನಟ್ಟಿ ಕಿಲಕಿಲ ನಕ್ಕದ್ದು. ಐವತ್ತು ದಾಟಿದ ಮೀಸೆಯ ಮನುಷ್ಯ. ಆಚೆ ಗದ್ದೆಯ ಆಳುಗಳು ನಿಂತು ನೋಡುತ್ತಿದ್ದರು, ಅವರಿಗೆ ಅದರ ಪರಿವೆಯೇ ಇರಲಿಲ್ಲ. ಕಳಕಮ್ಮ ಎಲೆಯ ಹೊರೆಯ ಮೇಲೆ ಕೂತು ನೋಡಿದಳು. ನಕ್ಕಳು, ಅತ್ತಳು. "ಇನ್ನೊಮ್ಮಿ," ಎಂದಳು.

ಹೀಗೆ ವರ್ಷಕ್ಕೊಮ್ಮೆ ಅದು ನಡೆಯಿತು. ಮೊದಲು ಕುಷ್ಟಗಿ ಕಡೆ ಹೋಗಿ ಹುಡುಗಿಯನ್ನು ನೋಡುವುದು, ಆಮೇಲೆ ಆನೆಗೊಂದಿಗೆ ಹೋಗಿ ತಾಯಿಗೆ ತೋರಿಸುವುದು. ತಮ್ಮ ಜೀವನದಲ್ಲಿ ಅವರು ಸ್ವತಃ ಕಟ್ಟಿದ ಪಾತ್ರ ಅದೊಂದೇ.

ನಾಲ್ಕನೆಯ ಸಲ ಕುಬೇರಪ್ಪನಿಗೆ ಸಂಗತಿ ತಿಳಿಯಿತು. "ಮಾಸ್ತರ, ಈ ಕಟ್ಟಿ ಇನ್ನ ಹತ್ತಬ್ಯಾಡ್ರಿ," ಎಂದುಬಿಟ್ಟ. ಅಂದಪ್ಪನವರು ಆ ಮೇಲೆ ಬಾವಿಯ ದಾರಿಯಲ್ಲಿ, ಗುಡಿಯ ಮರೆಯಲ್ಲಿ ನಿಂತು, ದೂರದಿಂದ ಒಂದು ಕ್ಷಣ ಕಂಡಷ್ಟನ್ನು ಕಂಡು ಹೋಗುತ್ತಿದ್ದರು. ಕಂಡದ್ದು ಬರೀ ಬೆನ್ನು, ಜಡೆ. ಅಷ್ಟರಲ್ಲಿ ತಾಯಿಗೆ ಏನು ತೋರಿಸುವುದು? ಉಳಿದದ್ದನ್ನು ತಾವೇ ತುಂಬಿದರು. ಹಳೆಯ ನಗೆ, ಹಳೆಯ ಚೇಷ್ಟೆ, ಅದಕ್ಕೆ ಸ್ವಲ್ಪ ಎತ್ತರ, ಸ್ವಲ್ಪ ನಾಚಿಕೆ. ಕಳಕಮ್ಮ ಕಣ್ಣರಳಿಸಿ ನೋಡುತ್ತಿದ್ದಳು. ನಿಜ ಹೇಳಿಬಿಡಬೇಕು ಎಂದು ಪ್ರತಿ ಸಲವೂ ನಿರ್ಧಾರ ಮಾಡಿ ಹೋಗುತ್ತಿದ್ದರು, ಆಕೆ "ಹೆಂಗದಾಳ್ರಿ?" ಎಂದ ಕೂಡಲೇ ರುಮಾಲು ತೆಗೆದಿಡುತ್ತಿದ್ದರು. ನಾನು ಅವರನ್ನು ಇದಕ್ಕಾಗಿ ಬೈಯಲಾರೆ, ಮೆಚ್ಚಲೂ ಆರೆ.

ಗಲಾಟೆಯ ದಿನಗಳು ಮುಗಿದು, ನಿಜಾಮರ ರಾಜ್ಯ ಹೋದ ಮರುವರ್ಷ ಅಮರವ್ವನನ್ನು ಗಂಗಾವತಿಯ ಅಕ್ಕಿ ವ್ಯಾಪಾರಿಯ ಮನೆಗೆ ಕೊಟ್ಟರು. ಕುಬೇರಪ್ಪನ ಹಟ ಆ ಮನೆಯಲ್ಲಿ ನಡೆಯುವಂತಿರಲಿಲ್ಲ. ಅಂದಪ್ಪನವರು ಕೋಲೂರಿಕೊಂಡು ಹೋಗಿ ಅವಳ ಅತ್ತೆಯ ಮುಂದೆ ಎಲ್ಲವನ್ನೂ ಹೇಳಿದರು. ತಮ್ಮದೇ ತಪ್ಪು ಎಂಬುದನ್ನೂ ಬಿಡಲಿಲ್ಲ. ಆ ಹೆಂಗಸು ಒಳ್ಳೆಯವಳು. "ಹಡೆದಾಕಿನ್ನ ನೋಡಾಕ ಯಾರ ಅಪ್ಪಣಿ ಬೇಕ್ರಿ ಅಜ್ಜಾರ? ಕರಕೊಂಡು ಹೋಗ್ರಿ," ಎಂದು ತಾನೇ ಬಂಡಿ ಹೂಡಿಸಿದಳು.

ದಾರಿಯುದ್ದಕ್ಕೂ ಅಂದಪ್ಪನವರೊಬ್ಬರೇ ಮಾತಾಡಿದರು. ಅಮರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ಕೇಳಿದ್ದಕ್ಕೆ ಹೂಂ, ಊಹೂಂ. ಒಮ್ಮೆ ಮಾತ್ರ ತಲೆ ಎತ್ತದೆ, "ಅವ್ವ ನನ್ನ ಬಿಟ್ಟು ಯಾಕ ಹೋದ್ಲು ಅಂತ ನಮ್ಮನ್ಯಾಗ ಕೇಳೂಹಂಗಿರಲಿಲ್ಲ, ಅಜ್ಜಾ," ಎಂದಳು. ಆ ಮನೆಯಲ್ಲಿ ತಾಯಿಯ ಹೆಸರೆತ್ತದೆ, ಎಲ್ಲರ ಕಣ್ಣಿನ ಕೆಳಗೆ, ಹುಡುಗಿ ಮೆಲ್ಲಗೆ ಹೆಜ್ಜೆಯಿಡುವುದನ್ನೂ ಮೆಲ್ಲಗೆ ಉಸಿರಾಡುವುದನ್ನೂ ಕಲಿತಿದ್ದಳು. 

ಕಳಕಮ್ಮ ತೋಟದ ಬದುವಿನ ಮೇಲೆ ಕಾಯುತ್ತಿದ್ದಳು. ಬಂಡಿಯಿಂದ ಹುಡುಗಿ ಇಳಿದಳು, ಎರಡು ಹೆಜ್ಜೆ ಬಂದು ತಲೆ ತಗ್ಗಿಸಿ ನಿಂತಳು. ತಾಯಿ ಹತ್ತಿರ ಬಂದಳು. ಗಲ್ಲ ಹಿಡಿದು ಮುಖ ಎತ್ತಿದಳು. ಬಹಳ ಹೊತ್ತು ನೋಡಿದಳು. ಕಿಲಕಿಲ ಎನ್ನುವ ಆ ನಗೆಗಾಗಿ ಕಾದಂತೆ ತಾನೇ ಸ್ವಲ್ಪ ನಕ್ಕಳು. ಹುಡುಗಿಯ ತುಟಿ ಅಲುಗಿತು, ನಗೆ ಬರಲಿಲ್ಲ.

ಕಳಕಮ್ಮ ಅಂದಪ್ಪನವರ ಕಡೆ ತಿರುಗಿದಳು.

"ಮಾಸ್ತರ, ನೀವು ತೋರಿಸಿದಾಕಿ ನಗತಿದ್ಲಲ್ರಿ?"

ಅಂದಪ್ಪನವರ ಕೈ ತಲೆಯ ರುಮಾಲಿನವರೆಗೆ ಹೋಗಿ ಬರಿದೇ ಇಳಿಯಿತು.  ತಾಯಿ ಮಗಳ ಕೈ ಹಿಡಿದುಕೊಂಡು, ದಾರಿ ಗೊತ್ತಿಲ್ಲದವರನ್ನು ಕರೆದೊಯ್ಯುವ ಹಾಗೆ ಮೆಲ್ಲಗೆ ಮನೆಯೊಳಗೆ ಹೋದಳು.